ಮಧ್ಯಯುಗದ ಚರ್ಚಿನ ಗಾಯಕ ಬಾಲಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಪಶ್ಚಿಮ ಯೂರೋಪಿನ, ಅದರಲ್ಲೂ ಹೆಚ್ಚಾಗಿ ಇಂಗ್ಲೆಂಡಿನ ಮಾತು. ಕಾಲ ಸುಮಾರು 800ರಿಂದ 1540ರವರೆಗೆ. ಈ ಹುಡುಗರು ತಾವೇ ಬರೆದಿಟ್ಟದ್ದು ಸಿಗುವುದೇ ಅಪರೂಪ. ನಮಗೆ ಆಧಾರ ದೊಡ್ಡವರು ಬರೆದ ನಿಯಮಾವಳಿಗಳು, ಖರ್ಚಿನ ಲೆಕ್ಕಗಳು, ಬಿಷಪ್ಪರ ಪತ್ರಗಳು. ನಿಯಮಗಳನ್ನು ಓದುವಾಗ ಒಂದು ಮಾತು ನೆನಪಿನಲ್ಲಿರಲಿ: ‘ಹೀಗೆ ಮಾಡಬಾರದು’ ಎಂದು ಬರೆದಿದ್ದರೆ, ಹಾಗೆ ಮಾಡಿದವನೊಬ್ಬ ಇದ್ದ ಎಂದೇ ಅರ್ಥ.

ಚರ್ಚಿನಲ್ಲಿ ಹಾಡುತ್ತಿದ್ದ ಹುಡುಗರೆಲ್ಲ ಒಂದೇ ಬಗೆಯವರೇ?

ಅಲ್ಲ. ಮೂರು ಬಗೆಯವರನ್ನು ಬೇರೆ ಬೇರೆಯಾಗಿ ನೋಡಬೇಕು. ಇವರನ್ನು ಒಂದೇ ಗುಂಪಿಗೆ ಸೇರಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮೊದಲನೆಯವರು ಬೆನೆಡಿಕ್ಟ್ ಪಂಥದ ಮಠಗಳಿಗೆ ತಂದೆತಾಯಿ ಒಪ್ಪಿಸಿಬಿಟ್ಟ ಮಕ್ಕಳು. ಅವರು ಬಾಳಿಡೀ ಸನ್ಯಾಸಿಗಳು. ಹನ್ನೆರಡನೆಯ ಶತಮಾನದಲ್ಲಿ ಈ ಪದ್ಧತಿ ಸೊರಗಿತು. ಸಿಸ್ಟರ್ಸಿಯನ್ನರಂಥ ಹೊಸ ಪಂಥಗಳಂತೂ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ. ಎರಡನೆಯವರು ಕತೀಡ್ರಲ್‌ಗಳ, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚುಗಳ ಹುಡುಗರು. ಇವರು ಏಳೆಂಟು ವರ್ಷಕ್ಕೆ ಬಂದು, ದನಿ ಒಡೆದ ಮೇಲೆ ಹೊರಡುವವರು. ಮೂರನೆಯವರು ಮಧ್ಯಯುಗದ ಕೊನೆಯ ಇನ್ನೂರು ವರ್ಷಗಳಲ್ಲಿ ಹೆಚ್ಚಿದವರು: ಮಠದ ದಾನಶಾಲೆಯಲ್ಲಿ ಉಂಡು, ಓದಿ, ಮಾತೆ ಮರಿಯಳ ಗುಡಿಯಲ್ಲಿ ಹಾಡುವ ಬಡ ಹುಡುಗರು, ಜೊತೆಗೆ ಅರಸನ ಗಾಯನ ಮಂಡಳಿಯ ಮತ್ತು ಕಾಲೇಜುಗಳ ಹುಡುಗರು.

ಒಂದೊಂದು ಕಡೆ ಎಷ್ಟು ಹುಡುಗರಿದ್ದರು?

ಇಂದಿನ ಶಾಲಾ ಗಾಯನವೃಂದ ನೋಡಿದವರಿಗೆ ಈ ಸಂಖ್ಯೆ ಚಿಕ್ಕದೆನಿಸುತ್ತದೆ. ಲಿಂಕನ್ ಕತೀಡ್ರಲ್‌ನಲ್ಲಿ 1264ರಲ್ಲಿ ಬಿಷಪ್ ರಿಚರ್ಡ್ ಗ್ರೇವ್ಸೆಂಡ್ 12 ಹುಡುಗರು ಎಂದು ಗೊತ್ತುಮಾಡಿದರು. ಅವರಲ್ಲಿ ಇಬ್ಬರು ಧೂಪ ಹಿಡಿಯುವವರು. ಸಾಲ್ಸ್‌ಬರಿಯಲ್ಲಿ 14. ಆಕ್ಸ್‌ಫರ್ಡಿನ ನ್ಯೂ ಕಾಲೇಜ್, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್, ಈಟನ್, ಆಕ್ಸ್‌ಫರ್ಡಿನ ಮ್ಯಾಗ್ಡಲೆನ್, ಈ ನಾಲ್ಕೂ ಕಡೆ 16. ನಾಲ್ಕನೆಯ ಎಡ್ವರ್ಡ್ ಅರಸನ ಗಾಯನ ಮಂಡಳಿಯಲ್ಲಿ 8.

ಹುಡುಗರೇ ಏಕೆ? ಹೆಣ್ಣುಮಕ್ಕಳು ಏಕಿಲ್ಲ?

ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂಬ ಸಂತ ಪೌಲನ ಮಾತನ್ನು, ಪುರುಷರ ಚರ್ಚುಗಳ ಗಾಯನದಲ್ಲಿ ಅವರಿಗೆ ಜಾಗವಿಲ್ಲ ಎಂದು ಅರ್ಥಮಾಡಿದರು. ಹಾಗೆಂದು ಮಧ್ಯಯುಗದ ಹೆಣ್ಣುಮಕ್ಕಳು ಹಾಡಲೇ ಇಲ್ಲ ಎಂದುಕೊಂಡರೆ ದೊಡ್ಡ ತಪ್ಪು. ಸನ್ಯಾಸಿನಿಯರ ಮಠಗಳಲ್ಲಿ ಇಡೀ ಪ್ರಾರ್ಥನೆಯನ್ನು ಅವರೇ ಹಾಡುತ್ತಿದ್ದರು. ಬಿಂಗೆನ್ನಿನ ಹಿಲ್ಡೆಗಾರ್ಡ್ ಕೂಡ ಬಾಲ್ಯದಲ್ಲೇ ದೇವರಿಗೆ ಒಪ್ಪಿಸಲ್ಪಟ್ಟವಳು. ಮುಂದೆ ತನ್ನ ಮಠದವರಿಗಾಗಿ ಆಕೆ ಕಟ್ಟಿದ ಹಾಡುಗಳು ಇಂದಿಗೂ ಹಾಡಿನಲ್ಲಿವೆ.

ಇನ್ನೊಂದು ತಿಳಿವಳಿಕೆ: ಹುಡುಗರನ್ನು ತಂದದ್ದು ಎಳೆಯ ದನಿಯ ಇಂಪಿಗೆ ಎಂಬುದು. ಮಧ್ಯಯುಗದ ಬಹುಭಾಗಕ್ಕೆ ಇದು ಹೊಂದುವುದಿಲ್ಲ. ಅವರನ್ನು ತಂದದ್ದು ನಾಳೆಯ ಪಾದ್ರಿಗಳಾಗಲಿ ಎಂದು, ಮೇಣದ ಬತ್ತಿ ಹಿಡಿಯಲು, ಪ್ರಾರ್ಥನೆಯಲ್ಲಿ ಧರ್ಮಗ್ರಂಥದ ಪಾಠ ಓದಲು. ಎತ್ತರದ ದನಿಗೆ ಬೆಲೆ ಬಂದದ್ದು ಹದಿನೈದನೆಯ ಶತಮಾನದಲ್ಲಿ.

ಮಗುವನ್ನು ಮಠಕ್ಕೆ ಒಪ್ಪಿಸುವುದು ಹೇಗೆ ನಡೆಯುತ್ತಿತ್ತು?

ಸಂತ ಬೆನೆಡಿಕ್ಟನ ನಿಯಮದ 59ನೆಯ ಅಧ್ಯಾಯ ಕ್ರಮವನ್ನು ಹೇಳುತ್ತದೆ. ತಂದೆತಾಯಿ ಒಪ್ಪಿಗೆಯ ಪತ್ರ ಬರೆಯಬೇಕು. ಕಾಣಿಕೆಯ ಜೊತೆ ಆ ಪತ್ರವನ್ನೂ ಮಗುವಿನ ಕೈಯನ್ನೂ ಪೂಜಾಪೀಠದ ಬಟ್ಟೆಯಲ್ಲಿ ಸುತ್ತಬೇಕು. ಅಲ್ಲಿಗೆ ಮಗು ದೇವರದಾಯಿತು. ಮುಂದೆ ಅವನಿಗೆ ಆಸ್ತಿ ಕೊಡುವುದಿಲ್ಲ, ಬೇರೆಯವರ ಮೂಲಕ ಕೊಡಿಸುವುದೂ ಇಲ್ಲ ಎಂದು ತಂದೆತಾಯಿ ಆಣೆ ಮಾಡಬೇಕು. ಕಾರಣವನ್ನೂ ನಿಯಮವೇ ಹೇಳುತ್ತದೆ: ಹೊರಗೆ ಏನೋ ಕಾದಿದೆ ಎಂಬ ಆಸೆ ಉಳಿದರೆ ಹುಡುಗ ಕೆಡುತ್ತಾನೆ, ಇದು ಅನುಭವದಿಂದ ಕಂಡದ್ದು.

ಕತೀಡ್ರಲ್ ಹುಡುಗರಿಗೆ ಇಂಥ ಬಾಳಿನ ಕಟ್ಟು ಇರಲಿಲ್ಲ. ಅಲ್ಲಿ ನೋಡುತ್ತಿದ್ದುದು ದನಿ, ನಡತೆ, ಕಲಿಯುವ ಚುರುಕು.

ಅವರು ಎಲ್ಲಿ ಇರುತ್ತಿದ್ದರು?

ಕತೀಡ್ರಲ್ ಹುಡುಗರಿಗೆ ಮೊದಮೊದಲು ಸ್ವಂತ ಮನೆಯೇ ಇರಲಿಲ್ಲ. ಕ್ಯಾನನ್ ಎನಿಸಿಕೊಂಡ ಹಿರಿಯ ಪಾದ್ರಿಗಳ ಮನೆಗಳಲ್ಲಿ ಇದ್ದುಕೊಂಡು, ಅವರ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಅವರ ಅನ್ನ ತಿನ್ನುತ್ತಿದ್ದರು. ನಮ್ಮಲ್ಲಿ ಹಿಂದೆ ಓದುವ ಹುಡುಗರು ವಾರಾನ್ನ ಮಾಡುತ್ತಿದ್ದರಲ್ಲ, ಹತ್ತಿರ ಹತ್ತಿರ ಹಾಗೆ. ಈ ಏರ್ಪಾಡು ಕೆಟ್ಟದ್ದು ಎಲ್ಲಿ ಎಂದರೆ, ಕ್ಯಾನನ್‌ಗಳಲ್ಲಿ ಬಹಳಷ್ಟು ಜನ ಊರಲ್ಲಿ ಇರುತ್ತಲೇ ಇರಲಿಲ್ಲ. ಅರಸನ ಕೆಲಸಕ್ಕೋ ಬೇರೆ ಚರ್ಚಿನ ಆದಾಯಕ್ಕೋ ಹೋಗಿಬಿಡುತ್ತಿದ್ದರು. ಯಜಮಾನನಿಲ್ಲದ ಮನೆಯಲ್ಲಿ ಹುಡುಗನಿಗೆ ಬಡಿಸುವವರು ಯಾರು? ಸಾಲ್ಸ್‌ಬರಿಯ ಹುಡುಗರು ಮನೆಮನೆಗೆ ಹೋಗಿ ಬೇಡುವ ಸ್ಥಿತಿ ಬಂದಿತ್ತು.

ಅದಕ್ಕೇ 1264ರ ಲಿಂಕನ್ ಆಜ್ಞೆಯಲ್ಲಿ ‘ಒಂದೇ ಮನೆ, ಒಬ್ಬ ಮೇಷ್ಟ್ರು’ ಎಂಬ ಮಾತು ಬರುತ್ತದೆ. ಸಾಲ್ಸ್‌ಬರಿಯಲ್ಲಿ 1314ರಲ್ಲಿ ಬಿಷಪ್ ಸೈಮನ್ ಆಫ್ ಘೆಂಟ್ ಹುಡುಗರ ಖರ್ಚಿಗೆಂದೇ ಆದಾಯ ಬಿಟ್ಟುಕೊಟ್ಟು, ನೋಡಿಕೊಳ್ಳಲು ಒಬ್ಬ ಪಾಲಕನನ್ನು ಇಟ್ಟರು. ನಮ್ಮ ಪ್ರಕಾರ ಈ ಹುಡುಗರ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ತಿರುವು ಇಲ್ಲ. ಹಾಡಿನ ಗುಣಮಟ್ಟ ಏರಿದ್ದು ಒಂದೇ ಸೂರು, ಹೊತ್ತಿಗೆ ಸರಿಯಾಗಿ ಊಟ, ದಿನವೂ ಸಿಗುವ ಮೇಷ್ಟ್ರು, ಇವು ಮೂರೂ ಕೂಡಿಬಂದ ಮೇಲೆಯೇ.

ಮೂವರು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು ಎಂಬುದು ನಿಜವೇ?

ಇಂಗ್ಲೆಂಡಿನ ವೆಲ್ಸ್ ಕತೀಡ್ರಲ್‌ನಲ್ಲಿ ನಿಜ. ಹದಿನೈದನೆಯ ಶತಮಾನದ ನಡುವೆ ಅಲ್ಲಿದ್ದ ಬಿಷಪ್ ಥಾಮಸ್ ಬೆಕಿಂಗ್ಟನ್‌ರ ಕಾಲದ ನಿಯಮಗಳಲ್ಲಿ ಮಲಗುವ ಕ್ರಮವನ್ನೂ ಬರೆದಿದೆ. ಚಿಕ್ಕವರಿಬ್ಬರು ದಿಂಬಿನ ಕಡೆ ತಲೆ ಹಾಕಬೇಕು. ದೊಡ್ಡವನೊಬ್ಬ ಕಾಲಿನ ಕಡೆ ತಲೆ ಹಾಕಬೇಕು, ಅವನ ಪಾದಗಳು ಆ ಇಬ್ಬರ ತಲೆಗಳ ನಡುವೆ ಬರಬೇಕು. ಕೇಳಿದರೆ ನಗು ಬರಬಹುದು. ಆದರೆ ಹಾಸಿಗೆ ಹಂಚಿಕೊಳ್ಳುವುದು ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದು, ಚಳಿಗಾಲದಲ್ಲಿ ಅದೇ ಬೆಚ್ಚಗೆ.

ಮಠಗಳಲ್ಲಿ ಕಾವಲು ಇನ್ನೂ ಬಿಗಿ. ಫ್ರಾನ್ಸಿನ ಕ್ಲುನಿ ಮಠದ ಪದ್ಧತಿಯನ್ನು ಅನುಸರಿಸಿದ ಕಡೆಗಳಲ್ಲಿ ಹುಡುಗರ ನಡುವೆ ಮೇಷ್ಟ್ರು ಇರಲೇಬೇಕು. ರಾತ್ರಿ ಹುಡುಗನೊಬ್ಬ ಪಾಯಿಖಾನೆಗೆ ಏಳಬೇಕಾದರೆ ಮೇಷ್ಟ್ರು ಲಾಂದ್ರ ಹಚ್ಚಿಕೊಂಡು ಹೋಗಬೇಕು, ಜೊತೆಗೆ ಇನ್ನೊಬ್ಬ ಹುಡುಗನನ್ನೂ ಎಬ್ಬಿಸಿಕೊಂಡು ಹೋಗಬೇಕು. ಯಾವ ಮಗುವೂ ಯಾವ ದೊಡ್ಡವನ ಜೊತೆಗೂ ಒಂಟಿಯಾಗಿ ಇರಬಾರದು ಎಂಬುದೇ ಇದರ ಉದ್ದೇಶ. ಅಪಾಯ ಎಲ್ಲಿಂದ ಬರುತ್ತದೆಂದು ನಿಯಮ ಬರೆದವರಿಗೆ ಗೊತ್ತಿತ್ತು.

ಒಂದು ದಿನ ಹೇಗೆ ಕಳೆಯುತ್ತಿತ್ತು?

ಗಡಿಯಾರದ ಲೆಕ್ಕ ಹಿಡಿಯಬೇಡಿ. ಸೂರ್ಯನ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದ ಕಾಲ ಅದು. ಚಳಿಗಾಲದ ಒಂದು ‘ಗಂಟೆ’ ಬೇಸಿಗೆಯದಕ್ಕಿಂತ ಚಿಕ್ಕದು.

ನಡುರಾತ್ರಿಯಲ್ಲೋ ಬೆಳಗಿನ ಜಾವಕ್ಕೋ ಮ್ಯಾಟಿನ್ಸ್ ಎಂಬ ದೀರ್ಘ ಪ್ರಾರ್ಥನೆ, ಅದರ ಬಾಲಕ್ಕೆ ಲಾಡ್ಸ್. ಬೆಳಕು ಹರಿದಾಗ ಪ್ರೈಮ್. ಆಮೇಲೆ ಮಾತೆ ಮರಿಯಳ ಬಲಿಪೂಜೆ (ಮಾಸ್ ಎಂಬ ರೊಟ್ಟಿ, ದ್ರಾಕ್ಷಾರಸದ ಪೂಜೆ), ಹಾಡಿನ ಪಾಠ, ಟರ್ಸ್ ಎಂಬ ಕಿರು ಪ್ರಾರ್ಥನೆ, ದಿನದ ದೊಡ್ಡ ಬಲಿಪೂಜೆ. ನಡುಹಗಲಿನ ಸುಮಾರಿಗೆ ಊಟ. ಮಧ್ಯಾಹ್ನ ಲ್ಯಾಟಿನ್ ಪಾಠ. ಇಳಿಹೊತ್ತಿಗೆ ವೆಸ್ಪರ್ಸ್ ಎಂಬ ಸಂಜೆಯ ಪ್ರಾರ್ಥನೆ, ರಾತ್ರಿಯೂಟ, ಮಲಗುವ ಮುಂಚೆ ಕಂಪ್ಲಿನ್. ಕೊನೆಗೆ ಮರಿಯಳ ಮುಂದೆ ನಿಂತು ಒಂದು ಸ್ತುತಿ.

ಮಠದ ಮಕ್ಕಳಿಗೆ ರಾತ್ರಿಯ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಕತೀಡ್ರಲ್‌ಗಳಲ್ಲಿ ಸರದಿ ಹಾಕುವುದಿತ್ತು: ಈ ವಾರ ಇವರು, ಮುಂದಿನ ವಾರ ಅವರು. ಯಾರಿಗೆ ಯಾವ ಪಾಠ, ಯಾರಿಗೆ ಬತ್ತಿ, ಯಾರಿಗೆ ಧೂಪ ಎಂಬುದನ್ನು ಮೇಣ ಬಳಿದ ಹಲಗೆಯ ಮೇಲೆ ಗೀರಿ ಬರೆಯುತ್ತಿದ್ದರು. ವಾರ ಮುಗಿದರೆ ಮೇಣ ಒರೆಸಿ ಮತ್ತೆ ಬರೆಯುವುದು.

ಪೂಜೆಯಲ್ಲಿ ಅವರ ಕೆಲಸ ಏನೇನು?

ಹಾಡು ಅದರಲ್ಲಿ ಒಂದು ಭಾಗ ಮಾತ್ರ. ಮೇಣದ ಬತ್ತಿ ಹೊರುವುದು, ಧೂಪದ ಬಟ್ಟಲು ಬೀಸುವುದು, ಪುಸ್ತಕ ಹಿಡಿದು ನಿಲ್ಲುವುದು ಇವರದೇ. ಸಾಲ್ಸ್‌ಬರಿಯ ಪದ್ಧತಿಯಲ್ಲಿ ಮ್ಯಾಟಿನ್ಸ್‌ನ ಮೊದಲ ಪಾಠ ಓದುವವನು ಒಬ್ಬ ಹುಡುಗ. ಪದವಿ ಏರಿದಂತೆ ಮುಂದಿನ ಪಾಠಗಳು, ಕೊನೆಯದು ಎಲ್ಲರಿಗಿಂತ ಹಿರಿಯನಿಗೆ. ಸಾಮಾನ್ಯ ದಿನಗಳಲ್ಲಿ ಕೆಲವು ಶ್ಲೋಕಗಳನ್ನು ಹುಡುಗರೇ ಒಂಟಿಯಾಗಿಯೋ ಜೋಡಿಯಾಗಿಯೋ ಹಾಡಬೇಕು. ಹಬ್ಬ ದೊಡ್ಡದಾದಷ್ಟೂ ಹಾಡುವವರು ಹಿರಿಯರು.

ಈಸ್ಟರ್‌ಗೆ ಹಿಂದಿನ ವಾರ ಬರುವ ಗರಿಗಳ ಭಾನುವಾರ ಅವರ ದಿನ. ಮೆರವಣಿಗೆ ಒಂದು ಕಡೆ ನಿಂತಾಗ, ಏಳು ಹುಡುಗರು ಎತ್ತರದ ಜಾಗದಿಂದ ‘ಗ್ಲೋರಿಯ ಲಾಉಸ್’ ಹಾಡುತ್ತಿದ್ದರು. ಯೇಸು ಜೆರುಸಲೇಮನ್ನು ಹೊಕ್ಕಾಗ ಮಕ್ಕಳು ಜಯಘೋಷ ಮಾಡಿದ್ದರ ನೆನಪು ಅದು. ವೆಲ್ಸ್ ಕತೀಡ್ರಲ್‌ನ ಪಶ್ಚಿಮದ ಗೋಡೆಯನ್ನು ಹತ್ತಿರದಿಂದ ನೋಡಿ: ಶಿಲ್ಪಗಳ ಸಾಲಿನ ಹಿಂದೆ ಗೋಡೆಯ ಒಳಗೇ ಒಂದು ಇಕ್ಕಟ್ಟು ಓಣಿ ಇದೆ, ಅದರಿಂದ ಹೊರಕ್ಕೆ ತೂತುಗಳಿವೆ. ಹಾಡುವವರು ಆ ಓಣಿಯಲ್ಲಿ ನಿಂತು ತೂತಿಗೆ ಬಾಯಿ ಕೊಟ್ಟು ಹಾಡಿದರೆ, ಕೆಳಗೆ ನಿಂತವರಿಗೆ ಕಲ್ಲಿನ ದೇವದೂತರೇ ಹಾಡಿದಂತೆ ಕೇಳಿಸುತ್ತದೆ.

ಹಾಡನ್ನು ಹೇಗೆ ಕಲಿಸುತ್ತಿದ್ದರು?

ಬಹಳ ಕಾಲ ಬರೀ ಬಾಯಿಪಾಠ. ಮೇಷ್ಟ್ರು ಹಾಡುವುದು, ಹುಡುಗ ಹಿಂದಿನಿಂದ ಹಾಡುವುದು. ಬೈಬಲ್ಲಿನ 150 ಕೀರ್ತನೆಗಳೂ ಕಂಠಸ್ಥವಾಗಬೇಕು. ಕತ್ತಲಿನ ಚರ್ಚಿನಲ್ಲಿ ನೋಡಿ ಹಾಡಲು ಎಲ್ಲರಿಗೂ ಪುಸ್ತಕವೂ ಇಲ್ಲ, ಬೆಳಕೂ ಇಲ್ಲ. ಹತ್ತು ವರ್ಷ ದುಡಿದರೂ ಗಾಯಕನ ತಿಳಿವು ಅರೆಬರೆಯಾಗಿಯೇ ಉಳಿಯುತ್ತದೆ ಎಂದು ಇಟಲಿಯ ಗೈದೋ ಎಂಬ ಸನ್ಯಾಸಿ ಸಂಕಟಪಟ್ಟು ಬರೆದ. ಆಮೇಲೆ ಅವನೇ ದಾರಿ ಹುಡುಕಿದ. 1030ರ ಆಚೀಚೆ ಅರೆತ್ಸೊ ಊರಿನ ಕತೀಡ್ರಲ್ ಹುಡುಗರಿಗೆ ಪಾಠ ಹೇಳುತ್ತಿದ್ದ ಅವನು, ತನ್ನ ಕ್ರಮದಲ್ಲಿ ಒಂದು ವರ್ಷ, ಹೆಚ್ಚೆಂದರೆ ಎರಡು ಸಾಕು ಎಂದ. ಪೋಪ್ ಹತ್ತೊಂಬತ್ತನೆಯ ಜಾನ್ ಅವನನ್ನು ರೋಮಿಗೆ ಕರೆಸಿಕೊಂಡು, ತಾನೇ ಪುಸ್ತಕ ನೋಡಿ ಕೇಳರಿಯದ ಒಂದು ಸಾಲನ್ನು ಹಾಡಿ, ಬೆರಗಾದ.

ಕ್ರಮ ಹೀಗೆ. ಮೊದಲು ಗೆರೆಗಳು. ಅಲ್ಲಿ ಸ್ವರಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ ಎಂದು ಅಕ್ಷರಗಳಿಂದ ಕರೆಯುತ್ತಾರೆ. ಸ್ವರಚಿಹ್ನೆಗಳನ್ನು ಗೆರೆಗಳ ಮೇಲೆ ಮತ್ತು ನಡುವೆ ಕೂರಿಸಿ, ಎಫ್ ಸ್ವರದ ಗೆರೆಗೆ ಕೆಂಪು, ಸಿ ಸ್ವರದ ಗೆರೆಗೆ ಹಳದಿ ಬಣ್ಣ ಕೊಡುವುದು. ಇವೆರಡರ ಕೆಳಗೇ ಅರ್ಧ ಸ್ವರದ ಅಂತರ ಬರುವುದರಿಂದ ಹುಡುಗನ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು.

ಎರಡನೆಯದು ಒಂದು ಹಾಡು. ಸಂತ ಯೊವಾನ್ನನ ಸ್ತುತಿಯಾದ ‘ಉತ್ ಕ್ವೆಯಂತ್ ಲಾಕ್ಸಿಸ್’ನ ಆರು ತುಣುಕುಗಳು ಒಂದೊಂದು ಮೆಟ್ಟಿಲು ಮೇಲಿನಿಂದ ಶುರುವಾಗುತ್ತವೆ. ಆ ತುಣುಕುಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೊಲ್, ಲಾ. ಹಾಡು ಬಾಯಿಗೆ ಬಂದರೆ ಆರು ಸ್ವರಸ್ಥಾನಗಳೂ ಬಂದಂತೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಶಂಕರಾಭರಣದ ಸ ರಿ ಗ ಮ ಪ ದ. ಮಿ–ಫಾ ನಡುವಿನ ಚಿಕ್ಕ ಅಂತರ ಎಂದರೆ ಅಂತರ ಗಾಂಧಾರ ಮತ್ತು ಶುದ್ಧ ಮಧ್ಯಮದ ನಡುವಿನದು.

ಮೂರನೆಯದು ಕೈ. ಎಡಗೈಯ ಹೆಬ್ಬೆರಳ ತುದಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ. ಹೆಬ್ಬೆರಳಲ್ಲೇ ಇಳಿದು, ನಾಲ್ಕು ಬೆರಳುಗಳ ಬುಡದಲ್ಲಿ ಅಡ್ಡಕ್ಕೆ ಸಾಗಿ, ಕಿರುಬೆರಳಲ್ಲಿ ಏರಿ, ಬೆರಳ ತುದಿಗಳ ಮೇಲೆ ತಿರುಗಿ ಬಂದು, ತೋರುಬೆರಳಲ್ಲಿ ಇಳಿದು, ಸುರುಳಿಯಾಗಿ ಒಳಕ್ಕೆ ಹೋಗುತ್ತದೆ. 19 ಸ್ವರಗಳು ಬೆರಳ ಗಿಣ್ಣು ತುದಿಗಳ ಮೇಲೆ, ಇಪ್ಪತ್ತನೆಯದು ನಡುಬೆರಳ ತುದಿಯಿಂದಾಚೆ ಗಾಳಿಯಲ್ಲಿ. ಮೇಷ್ಟ್ರು ಗಿಣ್ಣು ಮುಟ್ಟಿದರೆ ಹುಡುಗರು ಆ ಸ್ವರ ಹಾಡಬೇಕು. ಪುಸ್ತಕ ಬೇಡ, ಹಲಗೆ ಬೇಡ. ಗೈದೋನ ಉಳಿದಿರುವ ಬರಹಗಳಲ್ಲಿ ಈ ಕೈಯ ಚಿತ್ರ ಇಲ್ಲ, ಆದರೂ ಅದು ಅವನ ಹೆಸರಿನಲ್ಲೇ ನಡೆದುಬಂದಿದೆ. ಸಾಮವೇದಿಗಳು ಬೆರಳ ಗಿಣ್ಣುಗಳ ಮೇಲೆ ಸ್ವರ ತೋರಿಸುವ ಗಾತ್ರವೀಣೆಯನ್ನು ಬಲ್ಲವರಿಗೆ ಇದರ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯುವಾಗ ಎಲ್ಲಿ ತಪ್ಪುತ್ತಿತ್ತು?

ಏಳನೆಯ ಸ್ವರದಲ್ಲಿ. ಹೆಸರಿರುವುದು ಆರಕ್ಕೆ ಮಾತ್ರ. ರಾಗ ಲಾ ದಾಟಿ ಮೇಲೆ ಹೋದರೆ ಹುಡುಗ ನಿಂತ ಸ್ವರದಲ್ಲೇ ಹೆಸರು ಬದಲಿಸಬೇಕು. ಸಿ ಇಂದ ಹೊರಟು ಎ ಮುಟ್ಟಿದ್ದಾನೆ ಎನ್ನಿ, ಅದು ಲಾ. ಮೇಲೆ ಕಾಕಲಿ ನಿಷಾದದಂಥ ಗಟ್ಟಿ ಬಿ ಬರುವುದಾದರೆ, ಎ ಯನ್ನು ರೆ ಎಂದು ಕರೆದು ಮುಂದಿನದಕ್ಕೆ ಮಿ ಎನ್ನಬೇಕು. ಕೈಶಿಕಿಯಂಥ ಮೆದು ಬಿ ಬರುವುದಾದರೆ, ಅದೇ ಎ ಯನ್ನು ಮಿ ಎಂದು ಕರೆದು ಮುಂದಿನದಕ್ಕೆ ಫಾ ಎನ್ನಬೇಕು. ಒಂದು ರೀತಿಯಲ್ಲಿ ಇದು ಗ್ರಹಭೇದವೇ. ಹುಡುಗ ಮುಂದಿನದನ್ನು ಕಣ್ಣಲ್ಲಿ ನೋಡದೆ ಹೆಸರು ಹಿಡಿದರೆ ಅರ್ಧ ಸ್ವರ ತಪ್ಪುತ್ತದೆ, ಪಕ್ಕದವನನ್ನೂ ಎಳೆದುಕೊಂಡು ಹೋಗುತ್ತಾನೆ. ಕೀರ್ತನೆ ಹಾಡುವಾಗ ಇನ್ನೊಂದು ತೊಂದರೆ ಶ್ರುತಿ ಇಳಿಯುವುದು. ಇಪ್ಪತ್ತು ಮೂವತ್ತು ಸಾಲು ಒಂದೇ ಸ್ವರದಲ್ಲಿ ಹೇಳಿದರೆ, ನಿದ್ದೆಗಣ್ಣಿನ ಮಕ್ಕಳ ದನಿ ಕುಸಿಯದೆ ಇರುವುದಿಲ್ಲ.

ಹಲವು ದನಿಗಳ ಸಂಗೀತ ಹುಡುಗರಿಗೆ ಯಾವಾಗ ಬಂತು?

ಮೊದಲು ಅದು ನುರಿತ ಗಂಡಸರ ಕೆಲಸವಾಗಿತ್ತು. ಹದಿನೈದನೆಯ ಶತಮಾನದಲ್ಲಿ ಬದಲಾಯಿತು. ಡರ್‌ಹ್ಯಾಮ್ ಮಠ 1430ರಲ್ಲಿ ಜಾನ್ ಸ್ಟೀಲ್ ಎಂಬ ಮೇಷ್ಟ್ರನ್ನು ನೇಮಿಸಿಕೊಂಡಾಗ ಸನ್ಯಾಸಿಗಳ ಜೊತೆ ಎಂಟು ಹುಡುಗರಿಗೂ ಬಹುದನಿಯ ಗಾಯನ ಕಲಿಸಬೇಕೆಂದು ಕರಾರಾಯಿತು. ಲಿಂಕನ್‌ನಲ್ಲಿ 1477ರಲ್ಲಿ ವಿಲಿಯಂ ಹಾರ್‌ವುಡ್ ಕಲಿಸಬೇಕಾದ ಪಟ್ಟಿ ಹೀಗಿದೆ: ಒಂಟಿ ಎಳೆಯ ರಾಗ, ಬರೆದಿಟ್ಟ ಬಹುದನಿ ಸಂಗೀತ, ಬರೆದ ರಾಗಕ್ಕೆ ಬರೆದಿರದ ದನಿಯನ್ನು ಸ್ಥಳದಲ್ಲೇ ಮೇಲೆ ಕೆಳಗೆ ಜೋಡಿಸುವ ಮೂರು ಬಗೆ, ಜೊತೆಗೆ ಆರ್ಗನ್, ಕ್ಲಾವಿಕಾರ್ಡ್ ಎಂಬ ಪುಟ್ಟ ಕೀಲಿವಾದ್ಯ. ಹತ್ತು ವರ್ಷದ ಹುಡುಗ ಎದುರಿಗಿರುವ ರಾಗವನ್ನು ನೋಡಿ, ಅದಕ್ಕೆ ಹೊಂದುವ ಇನ್ನೊಂದನ್ನು ಆ ಕ್ಷಣವೇ ಹಾಡಬೇಕಿತ್ತು! ಈ ಕೌಶಲಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಇನ್ನೂ ಸಿಕ್ಕಿಲ್ಲ.

ಫಲವನ್ನು ಈಟನ್ ಕಾಲೇಜಿನಲ್ಲಿ 1500ರ ಸುಮಾರಿಗೆ ಬರೆದ ಗಾಯನ ಗ್ರಂಥದಲ್ಲಿ ಕಾಣಬಹುದು. ಸುಮಾರು 60 ಸೆಂ.ಮೀ. ಎತ್ತರದ ಪುಟಗಳು. ಒಂದೇ ಪುಸ್ತಕವನ್ನು ಪೀಠದ ಮೇಲಿಟ್ಟು ಎಲ್ಲರೂ ಸುತ್ತ ನಿಂತು ಹಾಡಲೆಂದೇ ಅಷ್ಟು ದೊಡ್ಡದು. ಮೂಲದಲ್ಲಿ 93 ರಚನೆಗಳಿದ್ದವು, 64 ಪೂರ್ತಿಯಾಗಿಯೋ ತುಂಡಾಗಿಯೋ ಉಳಿದಿವೆ.

ಓದುಬರಹ ಎಷ್ಟಿತ್ತು?

ಲ್ಯಾಟಿನ್ ಅಕ್ಷರ, ಪ್ರಾರ್ಥನೆಗಳು, ಆಮೇಲೆ ದೊನಾತುಸನ ವ್ಯಾಕರಣ, ಮುಂದುವರಿದವರಿಗೆ ‘ದೊಕ್ತ್ರಿನಾಲೆ’ ಎಂಬ ಪದ್ಯರೂಪದ ವ್ಯಾಕರಣ. ಪ್ಯಾರಿಸ್‌ನ ನೋಟ್ರ ಡಾಮ್‌ನ ಹುಡುಗರಿಗೆ ಜಾನ್ ಗೆರ್ಸೊನ್ 1411ರಲ್ಲಿ ಬರೆದ ನಿಯಮದ ಪ್ರಕಾರ ಅವರು ಫ್ರೆಂಚಿನಲ್ಲಿ ಮಾತಾಡಬಾರದು; ಮಾತಾಡಿದವನನ್ನು ಜೊತೆಯವನು ಮೇಷ್ಟ್ರಿಗೆ ಹೇಳಬೇಕು. ಸುಳ್ಳು, ಆಣೆ, ಜೂಜಿಗೂ ಇದೇ ಕ್ರಮ. ಹುಡುಗರನ್ನು ಒಬ್ಬರ ಮೇಲೊಬ್ಬರು ಚಾಡಿ ಹೇಳಲು ಹಚ್ಚುವ ಈ ಪದ್ಧತಿ ಅಂದೂ ಸ್ನೇಹ ಕೆಡಿಸಿರಲೇಬೇಕು. ತಾಯ್ನುಡಿಯಲ್ಲಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ದಂಡ ಕೊಟ್ಟ ನಮ್ಮ ಓದುಗರಿಗೆ ಆ ಸಂಕಟ ಹೊಸದಲ್ಲ.

ಊಟಕ್ಕೆ ಏನಿತ್ತು?

ಇಂಗ್ಲೆಂಡಿನ ಎಲ್‌ಫ್ರಿಕ್ ಎಂಬ ಸನ್ಯಾಸಿ 1000ದ ಸುಮಾರಿಗೆ ಲ್ಯಾಟಿನ್ ಕಲಿಸಲು ಬರೆದ ಸಂಭಾಷಣೆಯಲ್ಲಿ ಮಠದ ಹುಡುಗ ತನ್ನ ತಟ್ಟೆಯ ಲೆಕ್ಕ ಕೊಡುತ್ತಾನೆ: ಸೊಪ್ಪು ತರಕಾರಿ, ಮೊಟ್ಟೆ, ಮೀನು, ಗಿಣ್ಣು, ಬೆಣ್ಣೆ, ಹುರುಳಿಜಾತಿಯ ಕಾಳು. ಇನ್ನೂ ಚಿಕ್ಕವನಾದ್ದರಿಂದ ಮಾಂಸವೂ ಉಂಟು. ಕುಡಿಯಲು ಸಿಕ್ಕರೆ ಏಲ್ ಎಂಬ ಬಾರ್ಲಿಯ ಬಿಯರ್, ಇಲ್ಲದಿದ್ದರೆ ನೀರು. ಸಂಭಾಷಣೆ ಮೇಷ್ಟ್ರೇ ಕಟ್ಟಿದ್ದು, ಆದರೂ ಹುಡುಗರಿಗೆ ಗೊತ್ತಿದ್ದ ವಸ್ತುಗಳನ್ನೇ ಇಟ್ಟು ಕಟ್ಟಿದ್ದು. ನಾಲ್ಕನೆಯ ಎಡ್ವರ್ಡನ ಅರಮನೆಯಲ್ಲಿ ಎಂಟು ಹುಡುಗರ ಬೆಳಗಿನ ತಿಂಡಿಗೆ ಒಟ್ಟಾಗಿ ಎರಡು ರೊಟ್ಟಿ, ಒಂದು ಪಾಲು ಮಾಂಸ, ಎರಡು ಗ್ಯಾಲನ್ ಏಲ್. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತು ಶುಕ್ರವಾರಗಳಲ್ಲಿ ಮಾಂಸವಿಲ್ಲ.

ಕಾಲೇಜುಗಳಲ್ಲಿ ಊಟ ಸುಮ್ಮನೆ ಬರುತ್ತಿರಲಿಲ್ಲ. ನ್ಯೂ ಕಾಲೇಜಿನ ಹುಡುಗರು ಸದಸ್ಯರ ಹಾಸಿಗೆ ಹಾಸಬೇಕು, ಪಂಕ್ತಿಯಲ್ಲಿ ಬಡಿಸಬೇಕು. ವೆಲ್ಸ್‌ನ ನಿಯಮದಲ್ಲಿ ಊಟದ ಶಿಸ್ತೂ ಇದೆ: ರೊಟ್ಟಿಯನ್ನು ಹಲ್ಲಲ್ಲಿ ಕಡಿದು, ಉಗುರಲ್ಲಿ ಹರಿದು ತಿನ್ನಬಾರದು, ಚಾಕುವಿನಲ್ಲಿ ಕೊಯ್ಯಬೇಕು, ಬಾಯಲ್ಲಿ ತುತ್ತಿಟ್ಟುಕೊಂಡು ಕುಡಿಯಬಾರದು, ಚಾಕುವಿನಿಂದ ಹಲ್ಲು ಕೆದಕಬಾರದು.

ಬಹಳ ಹೊಡೆಯುತ್ತಿದ್ದರೇ?

ಹೌದು. ಬರ್ಚ್ ಮರದ ಕಡ್ಡಿ ಪಾಠಶಾಲೆಯ ಗುರುತೇ ಆಗಿತ್ತು. ಎಲ್‌ಫ್ರಿಕ್‌ನ ಹುಡುಗನಿಗೆ ಕೇಳುವ ಪ್ರಶ್ನೆಗಳಲ್ಲಿ ‘ಇವತ್ತು ಹೊಡೆತ ಬಿತ್ತೇ?’ ಎಂಬುದೂ ಒಂದು. ಇಂದಿನ ಸ್ವಿಟ್ಜರ್ಲೆಂಡಿನಲ್ಲಿರುವ ಸೇಂಟ್ ಗಾಲ್ ಮಠದಲ್ಲಿ 937ರ ಏಪ್ರಿಲ್‌ನಲ್ಲಿ, ಶಿಕ್ಷೆಗೆ ಬೇಕಾದ ಕಡ್ಡಿ ತರಲು ಅಟ್ಟಕ್ಕೆ ಕಳಿಸಿದ ಹುಡುಗನೊಬ್ಬ ಉರಿಯುವ ಕೊಳ್ಳಿಯನ್ನು ಚಾವಣಿಗೆ ಇಟ್ಟುಬಿಟ್ಟ. ಮಠದ ದೊಡ್ಡ ಭಾಗ ಸುಟ್ಟುಹೋಯಿತು. ಎಷ್ಟು ಹೆದರಿದ್ದನೋ ಆ ಮಗು.

ಎಲ್ಲ ಮೇಷ್ಟ್ರೂ ಹಾಗಿರಲಿಲ್ಲ. ವೆಲ್ಸ್‌ನ ಕ್ರಮ ಇದು: ಮೊದಲು ಪ್ರೀತಿಯಿಂದ ಹೇಳು, ತಿದ್ದಿಕೊಳ್ಳದಿದ್ದರೆ ಗಟ್ಟಿಯಾಗಿ ಗದರು, ಮೂರನೆಯ ಸಲಕ್ಕೆ ಮಾತ್ರ ಹೊಡೆ. ಒಂಬತ್ತನೆಯ ಶತಮಾನದ ಸನ್ಯಾಸಿ ಹಿಲ್ಡೆಮಾರ್ ಹತ್ತು ಹುಡುಗರಿಗೆ ಮೂರೋ ನಾಲ್ಕೋ ಮೇಷ್ಟ್ರಿರಲಿ ಎಂದ. ಕಣ್ಣೆದುರೇ ಇದ್ದರೆ ತಪ್ಪೇ ಆಗದು, ಹೊಡೆಯುವ ಪ್ರಮೇಯವೂ ಬಾರದು ಎಂಬ ಲೆಕ್ಕ.

ಆಟಕ್ಕೆ ಬಿಡುತ್ತಿದ್ದರೇ?

ಅದೇ ಹಿಲ್ಡೆಮಾರ್, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಒಂದು ಗಂಟೆ ಹುಲ್ಲುಗಾವಲಿಗೆ ಕರೆದೊಯ್ದು ಆಡಲು ಬಿಡಿ ಎನ್ನುತ್ತಾನೆ. ಒಂದೇ ಗಂಟೆ. ಸೇಂಟ್ ಗಾಲ್‌ಗೆ 911ರ ಕ್ರಿಸ್ಮಸ್ ಹೊತ್ತಿಗೆ ಬಂದ ಜರ್ಮನ್ ಅರಸ ಕೊನ್ರಾಡ್, ಹುಡುಗರ ಮೆರವಣಿಗೆಯ ದಾರಿಯಲ್ಲಿ ನೆಲದ ತುಂಬ ಸೇಬು ಚೆಲ್ಲಿಸಿದನಂತೆ. ಎಲ್ಲರಿಗಿಂತ ಚಿಕ್ಕವನೂ ಕೈ ಚಾಚಲಿಲ್ಲ. ಅರಸ ಮೆಚ್ಚಿ, ವರ್ಷಕ್ಕೆ ಮೂರು ದಿನ ಆಟದ ರಜೆ ಕೊಡಿಸಿದ. ಮಠದ ಚರಿತ್ರೆ ಇದನ್ನು ಶಿಸ್ತಿನ ಹೆಮ್ಮೆಯಾಗಿ ಹೇಳುತ್ತದೆ.

ಶಿಸ್ತು ಕೆಡುತ್ತಿದ್ದುದು ದೊಡ್ಡವರಿಂದಲೂ. ಎಕ್ಸೆಟರ್‌ನ ಬಿಷಪ್ ಗ್ರಾಂಡಿಸನ್ 1330ರಲ್ಲಿ ಬರೆದ ಪತ್ರದಲ್ಲಿ, ಮ್ಯಾಟಿನ್ಸ್ ಹೊತ್ತಿನಲ್ಲಿ ಮೇಲಿನ ಸಾಲಿನವರು ಕೆಳಗಿನ ಸಾಲಿನವರ ತಲೆಯ ಮೇಲೆ ಬೇಕೆಂದೇ ಬತ್ತಿಯ ಮೇಣ ತೊಟ್ಟಿಕ್ಕಿಸುತ್ತಾರೆ ಎಂದು ಸಿಟ್ಟಾಗಿದ್ದಾರೆ. ಎಲ್ಲಕ್ಕಿಂತ ಕೆಳಗಿನ ಸಾಲು ಹುಡುಗರದು.

ಹುಡುಗ ಬಿಷಪ್ ಎಂದರೆ ಯಾರು?

ಡಿಸೆಂಬರ್ 6, ಸಂತ ನಿಕೋಲಸನ ಹಬ್ಬದ ಹೊತ್ತಿಗೆ ಹುಡುಗರು ತಮ್ಮಲ್ಲೊಬ್ಬನನ್ನು ಆರಿಸುತ್ತಿದ್ದರು. ಅವನ ಆಳ್ವಿಕೆ, ಬೈಬಲ್ಲಿನ ಕಥೆಯಲ್ಲಿ ಅರಸ ಹೆರೋದ ಕೊಲ್ಲಿಸಿದ ಹಸುಳೆಗಳ ಹಬ್ಬವಾದ ಡಿಸೆಂಬರ್ 28ಕ್ಕೆ. ಹಿಂದಿನ ಸಂಜೆಯ ವೆಸ್ಪರ್ಸ್‌ನಲ್ಲೇ ಅವನು ಕಿರೀಟ, ದಂಡ, ನಿಲುವಂಗಿ ತೊಟ್ಟು ಬರುತ್ತಿದ್ದ. ‘ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದನು, ದೀನರನ್ನು ಏರಿಸಿದನು’ ಎಂಬ ಮರಿಯಳ ಹಾಡಿನ ಸಾಲು ಈ ಅದಲುಬದಲಿನ ಜೀವಾಳ. ಸಾಲ್ಸ್‌ಬರಿಯಲ್ಲಿ ಹುಡುಗರು ಮೇಲಿನ ಆಸನಗಳಲ್ಲಿ ಕೂತರೆ, ಕ್ಯಾನನ್‌ಗಳು ಕೆಳಗೆ ಇಳಿದು ಧೂಪ, ಪುಸ್ತಕ, ಬತ್ತಿ ಹಿಡಿಯಬೇಕಿತ್ತು. ಹುಡುಗ ಆಶೀರ್ವಾದ ಮಾಡುತ್ತಿದ್ದ, ದೊಡ್ಡವರು ಬರೆದುಕೊಟ್ಟ ಉಪದೇಶ ಹೇಳುತ್ತಿದ್ದ. ಆಮೇಲೆ ಪರಿವಾರ ಕಟ್ಟಿಕೊಂಡು ಊರೂರು ತಿರುಗಿ ಕಾಣಿಕೆ ಎತ್ತುವುದು. ಯಾರ್ಕ್‌ನ ಹುಡುಗ ಬಿಷಪ್ಪನ 1396ರ ಪ್ರವಾಸದ ಜಮಾಖರ್ಚು ಇಂದಿಗೂ ಇದೆ.

ಇದನ್ನು ಬರೀ ತಮಾಷೆ ಎಂದು ತಳ್ಳಿಹಾಕುವುದು ಸರಿಯಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆ ಕಟ್ಟಿದ ಜಾನ್ ಕಾಲೆಟ್, ತನ್ನ ವಿದ್ಯಾರ್ಥಿಗಳೆಲ್ಲ ಆ ದಿನ ಹುಡುಗ ಬಿಷಪ್ಪನ ಉಪದೇಶ ಕೇಳಿ ಒಂದೊಂದು ಪೆನ್ನಿ ಅರ್ಪಿಸಬೇಕೆಂದು ನಿಯಮವನ್ನೇ ಮಾಡಿದ. ಎಂಟನೆಯ ಹೆನ್ರಿ 1541ರಲ್ಲಿ ಆಚರಣೆಯನ್ನು ನಿಲ್ಲಿಸಿದ. ಸಾಲ್ಸ್‌ಬರಿಯಲ್ಲಿರುವ ಪುಟ್ಟ ಬಿಷಪ್ ವಿಗ್ರಹ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಹುಡುಗನದು ಎಂಬ ಕಥೆಯನ್ನು ಈಗ ಯಾರೂ ಒಪ್ಪುವುದಿಲ್ಲ. ದೊಡ್ಡ ಬಿಷಪ್ಪರೊಬ್ಬರ ಹೃದಯವನ್ನು ಮಾತ್ರ ಹೂತ ಜಾಗದ್ದಿರಬಹುದು.

ಒಳ್ಳೆಯ ದನಿಯ ಹುಡುಗರನ್ನು ಬಲವಂತವಾಗಿ ಒಯ್ಯುತ್ತಿದ್ದರೇ?

ಅರಸನ ಮಂಡಳಿಗೆ, ಹೌದು. ಫ್ರಾನ್ಸಿನಲ್ಲಿ ದಂಡೆತ್ತಿ ಹೋಗಿದ್ದ ಐದನೆಯ ಹೆನ್ರಿ 1420ರಲ್ಲಿ ಜಾನ್ ಪೈಯಮೂರ್‌ಗೆ ಹುಡುಗರನ್ನು ಹಿಡಿದು ತರುವ ಅಧಿಕಾರ ಕೊಟ್ಟ. ಮೂರನೆಯ ರಿಚರ್ಡ್ 1484ರಲ್ಲಿ ಜಾನ್ ಮೆಲ್ಯೋನೆಕ್‌ಗೆ ಅಂಥದ್ದೇ ಪತ್ರ ಕೊಟ್ಟ. ಕತೀಡ್ರಲ್‌ಗಳಿಂದಲೂ ಮಠಗಳಿಂದಲೂ ಒಯ್ಯಬಹುದಿತ್ತು. ನಾಲ್ಕು ವರ್ಷ ತಿದ್ದಿ ತೀಡಿದ ಹುಡುಗನನ್ನು ಒಂದು ಕಾಗದ ತೋರಿಸಿ ಕರೆದೊಯ್ದರೆ, ಆ ಮೇಷ್ಟ್ರ ಗತಿಯೇನು, ತಾಯಿಯ ಗತಿಯೇನು?

ದನಿ ಉಳಿಸಲು ಬೀಜ ಒಡೆಯುತ್ತಿದ್ದರೇ?

ಮಧ್ಯಯುಗದ ಪಶ್ಚಿಮ ಯೂರೋಪಿನ ಚರ್ಚಿನಲ್ಲಿ ಇಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಪುಂಸಕ ಗಾಯಕರಿದ್ದರು. ರೋಮಿನಲ್ಲಿ ಅಂಥವರು ಬಂದದ್ದು ಹದಿನಾರನೆಯ ಶತಮಾನದ ಕೊನೆಗೆ.

ದನಿ ಒಡೆದ ಮೇಲೆ ಏನಾಗುತ್ತಿದ್ದರು?

ಜಾಣರಾದವರು ಓದಿಗೆ ಹೋಗುತ್ತಿದ್ದರು. ನಾಲ್ಕನೆಯ ಎಡ್ವರ್ಡನ ಅರಮನೆಯ ನಿಯಮದಂತೆ, ಹದಿನೆಂಟಾಗಿ ದನಿ ಬದಲಾದವರನ್ನು ಅರಸನೇ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ಗೆ ಕಳಿಸಿ ಖರ್ಚು ನೋಡಿಕೊಳ್ಳಬೇಕು. ಕೆಲವರು ಧೂಪ, ಬತ್ತಿಯ ಕೆಲಸದಲ್ಲಿ ಅಲ್ಲೇ ಉಳಿದು, ವಯಸ್ಸು ಬಂದ ಮೇಲೆ ಕ್ಯಾನನ್‌ಗಳ ಬದಲಿಗೆ ಹಾಡುವ ಸಂಬಳದ ಗಾಯಕರಾಗುತ್ತಿದ್ದರು, ಪಾದ್ರಿಗಳಾಗುತ್ತಿದ್ದರು. ಕೈಗೆ ಲ್ಯಾಟಿನ್ ಬಂದಿರುವುದರಿಂದ ಗುಮಾಸ್ತಿಕೆಯ ಬಾಗಿಲೂ ತೆರೆದಿರುತ್ತಿತ್ತು.

ಒಬ್ಬನ ದಾರಿಯನ್ನಂತೂ ಮೊದಲಿನಿಂದ ಕೊನೆಯವರೆಗೆ ನೋಡಬಹುದು. ಗಿಯೋಮ್ ದ್ಯುಫೇ 1409ರಲ್ಲಿ ಇಂದಿನ ಉತ್ತರ ಫ್ರಾನ್ಸಿನ ಕಂಬ್ರೆ ಕತೀಡ್ರಲ್‌ನ ಗಾಯಕ ಬಾಲಕನಾದ. ಒಂದೆರಡು ವರ್ಷದಲ್ಲಿ ಅವನಿಗೆಂದು ಒಂದು ದೊಕ್ತ್ರಿನಾಲೆ ಪ್ರತಿ ಕೊಡಿಸಿದ್ದು ಚರ್ಚಿನ ಲೆಕ್ಕದಲ್ಲಿದೆ. ಮುಂದೆ ಅವನು ಪೋಪ್‌ನ ಮಂಡಳಿಯಲ್ಲಿ ಹಾಡಿದ, ತನ್ನ ಕಾಲದ ಬಹು ದೊಡ್ಡ ಸಂಗೀತ ರಚನಕಾರನೆನಿಸಿ, ಕಂಬ್ರೆಯಲ್ಲೇ ಕ್ಯಾನನ್ ಆಗಿ ನೆಲೆಸಿದ. ತನ್ನ ಉಯಿಲಿನಲ್ಲಿ, ಪ್ರಾಣ ಹೋಗುವ ಹೊತ್ತಿಗೆ ಮೊದಲು ಎಂಟು ಮಂದಿ ಗಾಯಕರು ಹಾಸಿಗೆಯ ಪಕ್ಕ ಮೆಲುದನಿಯಲ್ಲಿ ಒಂದು ಸ್ತುತಿ ಹಾಡಲಿ, ಆಮೇಲೆ ಚರ್ಚಿನ ಹುಡುಗರು ತಮ್ಮ ಮೇಷ್ಟ್ರ ಜೊತೆ ಬಂದು ‘ಆವೆ ರೆಜೀನ ಚೆಲೋರುಂ’ ಹಾಡಲಿ ಎಂದು ಬರೆಸಿದ್ದ. ಆ ರಚನೆ ಅವನದೇ. ಅದರ ನಡುವೆ ‘ಸಾಯುತ್ತಿರುವ ನಿನ್ನ ದ್ಯುಫೇಯನ್ನು ಕರುಣಿಸು’ ಎಂದು ತನ್ನ ಹೆಸರನ್ನೇ ಸೇರಿಸಿದ್ದ. 1474ರ ನವೆಂಬರ್ 27ರಂದು ಅವನು ತೀರಿಕೊಂಡಾಗ ಅವರನ್ನು ಕರೆಸುವಷ್ಟು ಹೊತ್ತು ಉಳಿದಿರಲಿಲ್ಲ. ಹುಡುಗರು ಅದನ್ನು ಅವನ ಅಂತ್ಯಕ್ರಿಯೆಯಲ್ಲಿ ಹಾಡಿದರು.